ಗಾದಿಗೆ ಹೊಲಿದುಹೋದ ತಬಸುಮ್

ಕುಂದಗೋಳದ ಪಿಂಜಾರ ಓಣಿಯಲ್ಲಿ ಬಾಬಾಸಾಬ ನದಾಫ ಹತ್ತಿ ಹಿಂಜಲು ಶುರು ಮಾಡಿದರೆ ಹುಬ್ಬಳ್ಳಿಯ ಜನ ಮೋಡ ಕವಿಯಿತೆಂದು ಕೊಡೆ ಬಿಚ್ಚುತ್ತಾರೆ. ಇದರಲ್ಲಿ ಸುಳ್ಳೆಷ್ಟು ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಕೊಡೆಯ ಮಾತು ಮಾತ್ರ ಸುಳ್ಳು, ಮೋಡ ಖರೆ. ಅವನ ಅಂಗಡಿಯ ಎದುರಿನ ಕಟ್ಟೆಯ ಮೇಲೆ ಕೂತು ಒಂದು ಕಪ್ ಚಹಾ ಕುಡಿದು ಏಳುವುದರೊಳಗೆ ಕರೀ ಮೀಸೆಯವನು ಬಿಳೀ ಮೀಸೆಯವನಾಗುತ್ತಾನೆ. ನನ್ನ ಮೀಸೆ ಬೆಳ್ಳಗಾದದ್ದು ಅಲ್ಲಿಯೇ; ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನು ಅವನು ಹೊಲಿದ ಗಾದಿಯ ಸುಖವೋ! ಸಂಶಿಯ ಗೌಡರೊಬ್ಬರು ಉಂಡು ಸ್ವಲ್ಪ ಅಡ್ಡಾಗೋಣವೆಂದು ಅದರ ಮೇಲೆ ಮಲಗಿ ಎದ್ದಾಗ ಹೊಲದಲ್ಲಿ ಹಿಂಗಾರಿ ಕಡಲೆ ಹೋಗಿ ಮುಂಗಾರಿ ಹೆಸರು ಕಾಯಿ ಕಟ್ಟಿತ್ತು.

ಆದರೆ ನಾನು ಹೇಳಹೊರಟಿದ್ದು ಬಾಬಾಸಾಬನ ಕಥೆಯಲ್ಲ, ಅವನ ಮಗಳು ತಬಸುಮಳದ್ದು.

ತಬಸುಮಳಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂತು. ನಮ್ಮ ನಿಮ್ಮಂಥವರಿಗೆ ಹೊಟ್ಟೆ ಬಂದ ಮೇಲೆ ಬರುತ್ತದಲ್ಲ, ಆ ಜಾತಿಯದ್ದಲ್ಲ. ಇದು ಮೈಯೊಳಗೆ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಜಾತಿ. ಹೊರಗಿನಿಂದ ಕೊಡದಿದ್ದರೆ ಜೀವಕ್ಕೇ ಕುತ್ತು. ಉಣ್ಣುವ ಮುಂಚೆ ಒಂದು ಸೂಜಿ, ಮಲಗುವ ಮುಂಚೆ ಒಂದು ಸೂಜಿ. ಆಕೆಗೆ ಚುಚ್ಚಿದ ಸೂಜಿಗಳನ್ನೆಲ್ಲ ಸಾಲಾಗಿ ನೆಟ್ಟಿದ್ದರೆ ಕುಂದಗೋಳದಿಂದ ಲಕ್ಷ್ಮೇಶ್ವರದವರೆಗೆ ಬೇಲಿಯಾಗುತ್ತಿತ್ತು, ಒಂದು ಕುರಿಯೂ ಒಳಗೆ ನುಗ್ಗುತ್ತಿರಲಿಲ್ಲ. ಹೀಗಿರುವಾಗ ಹುಬ್ಬಳ್ಳಿಯ ಡಾಕ್ಟರು ಯಾವುದೋ ಸಂಸ್ಥೆಗೆ ಹೇಳಿ ಆಕೆಗೊಂದು ಇನ್ಸುಲಿನ್ ಪಂಪು ಕೊಡಿಸಿದರು.

ಹಳೇ ಕಾಲದ ಸಣ್ಣ ಮೊಬೈಲಿನಷ್ಟು ದೊಡ್ಡ ಪೆಟ್ಟಿಗೆ ಅದು. ಒಳಗೆ ಔಷಧ. ಅದರಿಂದ ಶ್ಯಾವಿಗೆ ಎಳೆಯಂಥ ಒಂದು ನಳಿಗೆ ಹೊರಟು ಹೊಟ್ಟೆಯ ಬಾಜು ಅಂಟಿಸಿದ ಪಟ್ಟಿಗೆ ಹೋಗುತ್ತದೆ. ಪಟ್ಟಿಯ ಕೆಳಗೆ ಕೂದಲಿಗಿಂತ ತುಸು ದಪ್ಪನೆಯ ಮೆತ್ತನೆ ಕೊಳವೆ ಚರ್ಮದೊಳಗೆ ಇರುತ್ತದೆ. ಪೆಟ್ಟಿಗೆ ಹಗಲೂ ರಾತ್ರಿ ಹನಿಹನಿಯಾಗಿ ಔಷಧ ಬಿಡುತ್ತದೆ. ಉಣ್ಣುವಾಗ ಗುಂಡಿ ಒತ್ತಿದರೆ ಊಟಕ್ಕೆ ತಕ್ಕಷ್ಟು ಹೆಚ್ಚಿಗೆ ಬಿಡುತ್ತದೆ.

ನಮ್ಮ ಕಡೆ ಪಂಪು ಎಂದರೆ ಬೋರಿಗೆ ಇಳಿಸುವಂಥದ್ದು. ಬಾಬಾಸಾಬನ ಮಗಳು ಪಂಪು ಹಾಕಿಸಿಕೊಂಡಳಂತೆ ಎಂಬ ಸುದ್ದಿ ಹರಡಿದ ದಿನ ಓಣಿಯ ಗಂಡಸರೆಲ್ಲ ಅಂಗಡಿಯ ಮುಂದೆ ನಿಂತಿದ್ದರು.

"ಎಷ್ಟು ಎಚ್.ಪಿ. ಐತವಾ ತಂಗಿ?"

"ನಿಮ್ಮ ತೆಲಿಗಿಂತ ಜಾಸ್ತಿ ಐತ್ರಿ ಕಾಕಾ," ಎಂದಳು ತಬಸುಮ್.

ಮೊದಲ ಆರು ತಿಂಗಳು ಆ ಪಂಪು ಮನೆಯವರಿಗೆ ಕೊಟ್ಟ ಕಾಟವನ್ನು ಹೊಸ ಅಳಿಯನೂ ಕೊಡುವುದಿಲ್ಲ. ಒಂದು ದಿನ ನಳಿಗೆಯಲ್ಲಿ ಗಾಳಿಯ ಗುಳ್ಳೆ ಸೇರಿಕೊಂಡು, ಪೆಟ್ಟಿಗೆ ಔಷಧ ಬಿಟ್ಟೆನೆಂದಿತು, ಮೈಗೆ ಹೋದದ್ದು ಬರೀ ಗಾಳಿ. ಅದೊಂದು ಮಾತ್ರ ಓಣಿಗೆ ತಕ್ಷಣ ಅರ್ಥವಾಯಿತು. ಪೈಪಿನಲ್ಲಿ ಗಾಳಿ ಹಿಡಿದು ನೀರು ಬಾರದ ಸಂಕಟ ಗೊತ್ತಿಲ್ಲದ ರೈತ ಯಾರಿದ್ದಾನೆ? ಮತ್ತೊಂದು ದಿನ ಸೆಲ್ಲು ಮುಗಿಯಿತು. ತಾಯಿ ಶಮೀಮಾಬಿ ಗೋಡೆ ಗಡಿಯಾರದ ಸೆಲ್ಲು ಕಿತ್ತು ಹಾಕಿದಳು. ಪಂಪು ಆ ಹಳೇ ಸೆಲ್ಲನ್ನು ಬಾಯಿಗಿಟ್ಟ ಕೂಡಲೇ ಎಷ್ಟು ಜೋರಾಗಿ ಕಿರುಚಿತೆಂದರೆ ಸ್ಟೇಷನ್ನಿನಲ್ಲಿ ಗಾರ್ಡು ಹಸಿರು ನಿಶಾನೆ ತೋರಿಸಿಬಿಟ್ಟ. ಬೇಸಿಗೆ ಬಂತು. ಅಂಗಡಿಯ ತಗಡಿನ ಕೆಳಗೆ ತತ್ತಿ ಇಟ್ಟರೆ ಅದು ಬೇಯುವುದಷ್ಟೇ ಅಲ್ಲ, ತಾನೇ ಸಿಪ್ಪೆ ಸುಲಿದುಕೊಂಡು ಉಪ್ಪು ಕೇಳುತ್ತದೆ. ಆ ಕಾವಿಗೆ ಔಷಧ ಕೆಟ್ಟು ನೀರಾಯಿತು. ಅಂದಿನಿಂದ ಔಷಧದ ಬಾಟ್ಲಿಗಳು ಮಣ್ಣಿನ ಗಡಿಗೆಯಲ್ಲಿ, ಹಸಿ ಉಸುಕಿನ ನಡುವೆ, ನಮ್ಮೆಲ್ಲರಿಗಿಂತ ತಂಪಾಗಿ ಬಾಳತೊಡಗಿದವು. ಬೆವರಿಗೆ ಪಟ್ಟಿ ಬಿಚ್ಚಿಕೊಳ್ಳುತ್ತಿತ್ತು. ಮಗ್ಗುಲಾಗಿ ಮಲಗಿದರೆ ನಳಿಗೆ ಮಡಚಿ, ಔಷಧ ಮುಂದಕ್ಕೆ ಹೋಗದೆ ಪಂಪು ಕೂಗಿಕೊಳ್ಳುತ್ತಿತ್ತು. ಅದು ಕೂಗಿದಾಗಲೆಲ್ಲ ಬಾಬಾಸಾಬ ತನ್ನ ಹತ್ತಿ ಹಿಂಜುವ ಮಷಿನ್ನಿಗೆ ಬೆಂಕಿ ಬಿತ್ತೆಂದು ಕೊಡ ಎತ್ತಿಕೊಂಡು ಓಡುತ್ತಿದ್ದ.

ತಬಸುಮ್ ಒಂದೊಂದನ್ನೇ ಪಳಗಿಸಿದಳು. ಹುಬ್ಬಳ್ಳಿಯ ದವಾಖಾನೆಯ ಅನ್ನಪೂರ್ಣಾ ಸಿಸ್ಟರು ಫೋನಿನಲ್ಲಿ ಹೇಳಿಕೊಟ್ಟರು, ಈಕೆ ಕಲಿತಳು. ಗುಳ್ಳೆಯನ್ನು ಬೆರಳಿನಿಂದ ತಟ್ಟಿ ಓಡಿಸುವುದು, ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಹಚ್ಚುವುದು, ಮೂರು ದಿನಕ್ಕೊಮ್ಮೆ ಜಾಗ ಬದಲಿಸುವುದು, ಎಲ್ಲಕ್ಕಿಂತ ಮುಖ್ಯವಾಗಿ ಪಂಪನ್ನು ನಂಬುವುದು, ಆದರೆ ಪೂರಾ ನಂಬದಿರುವುದು. ವರ್ಷವೊಂದು ಕಳೆಯುವುದರಲ್ಲಿ ಆಕೆ ಮೊದಲಿನ ಎರಡರಷ್ಟು ಕೆಲಸ ಮಾಡುತ್ತಿದ್ದಳು. ಆಕೆ ಕೋಲು ಹಿಡಿದು ಗಾದಿ ಬಡಿದರೆ ಗಾದಿ ಮೆತ್ತಗಾಗುತ್ತಿತ್ತು, ಬಾಜು ಮನೆಯವರ ಮಕ್ಕಳು ಯಾರೂ ಹೇಳದೆ ಓದಲು ಕೂರುತ್ತಿದ್ದರು.

ಬಾಬಾಸಾಬನ ಮೊಣಕಾಲು ಮಾತ್ರ ದಿನದಿನಕ್ಕೆ ಕೆಡುತ್ತ ಬಂತು. ಗಾದಿ ಹೊಲಿಯುವವನು ಗಾದಿಯ ಮೇಲೆ ಕುಳಿತೇ ಸರಿಯಬೇಕು. ಕೂರಲಾರದವನಿಗೆ ಆ ಕಸುಬು ಇಲ್ಲ. ಅಂಗಡಿಯನ್ನು ಯಾರ ಕೈಗೆ ಕೊಡುವುದು? ಅಣ್ಣನ ಮಗ ಇಸ್ರಾರ್ ಹುಬ್ಬಳ್ಳಿಯಲ್ಲಿ ಫೋಮ್ ಹಾಸಿಗೆ ಮಾರುತ್ತಿದ್ದ. ಒಳ್ಳೆಯ ಹುಡುಗ, ನಗುಮುಖದವನು; ಆದರೆ ಹತ್ತಿ ಕಂಡರೆ ಸೀನುತ್ತಿದ್ದ.

"ಇಸ್ರಾರಗ ಕೊಟ್ಟ ಬಿಡ್ತೇನಿ," ಎಂದ ಬಾಬಾಸಾಬ ಒಂದು ಬೆಳಿಗ್ಗೆ.

ತಬಸುಮ್ ದಾರ ಪೋಣಿಸುತ್ತಿದ್ದವಳು ತಲೆ ಎತ್ತಲಿಲ್ಲ. "ನಾ ಇದ್ದೇನಲ್ಲಪ್ಪ."

"ನೀ ಇದ್ದಿ. ನಿನ್ನ ಸೊಂಟದಾಗಿಂದು ಯಾವಾಗ ಇರತೈತಿ ಯಾವಾಗ ಇಲ್ಲ ಯಾರಿಗೊತ್ತು? ಗಿರಾಕಿ ಮುಂದ ನೀ ಬಿದ್ರ?"

"ಬಿದ್ರ ಗಾದಿ ಮ್ಯಾಲನ ಬೀಳ್ತೇನಿ. ಪೆಟ್ಟ ಹತ್ತಂಗಿಲ್ಲ."

"ಚೇಷ್ಟಿ ಬ್ಯಾಡ. ನನಗ ನಿನ್ನ ಮ್ಯಾಲ ನಂಬಿಕಿ ಐತಿ, ಆ ಮಷಿನ್ ಮ್ಯಾಲ ಇಲ್ಲ."

"ಹಂಗಾರ ಒಂದ ದೊಡ್ಡ ಕೆಲಸ ನನಗ ಬಿಡು," ಎಂದಳು ತಬಸುಮ್. "ಗುಡಗೇರಿ ಕೆಂಚವ್ವಾಯಿ ಮೊಮ್ಮಗಳ ಲಗ್ನದ ಗಾದಿ. ನೀ ಕಟ್ಟಿ ಮ್ಯಾಲ ಕುಂತ ನೋಡು. ಮುಗಿಸಿದ್ನಿ ಅಂದ್ರ ಅಂಗಡಿ ನಂದು."

ಬಾಬಾಸಾಬ ಗಡ್ಡ ತುರಿಸಿಕೊಂಡ. "ಆತು. ಖರೆ ಅವತ್ತ ಆ ಮಷಿನ್ ಕೈಕೊಟ್ಟು ಕೆಲಸ ನಿಂತ್ರ, ಅಂಗಡಿ ಇಸ್ರಾರಂದು. ಆಮ್ಯಾಲ ಅಳಬಾರ್ದು."

"ನೀ ಅಳಬ್ಯಾಡ ಮತ್ತ," ಎಂದಳು ಮಗಳು.

ಆ ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ಕಟ್ಟಳೆ ಇದೆ: ಸಂಜೆ ದೀಪ ಹಚ್ಚಿದ ಮೇಲೆ ಯಾರೂ ದಬ್ಬಣ ಮುಟ್ಟುವಂತಿಲ್ಲ. ಗೇಣುದ್ದದ ಆ ಗಾದಿ ಸೂಜಿ ಅಷ್ಟು ಹೊತ್ತಿಗೆ ಮಲಗಿಬಿಡಬೇಕು. ಪಂದ್ಯದ ದಿನವೇ ಸಂಜೆ ಗುಡಗೇರಿಯ ಟೆಂಪೋ ಬರುವುದಿತ್ತು, ಮರುದಿನ ಅರಿಶಿಣ. ಹಾಗಾಗಿ ದೀಪ ಹಚ್ಚುವುದರೊಳಗೆ ಮುಗಿದರೆ ಮುಗಿಯಿತು, ಇಲ್ಲವಾದರೆ ಇಲ್ಲ.

ದಿಂಬು, ಲೋಡು, ಸಣ್ಣ ಗಾದಿ ಎಲ್ಲ ಮುಂಚೆಯೇ ತಯಾರಾಗಿದ್ದವು. ಆ ದಿನ ಉಳಿದದ್ದು ಮದುಮಗಳ ದೊಡ್ಡ ಗಾದಿ ಒಂದೇ. ಒಂದೇ ಎಂದೆನಷ್ಟೆ, ಅದನ್ನು ಹಾಸಿದರೆ ಅರ್ಧ ಕುಂದಗೋಳ ಅದರ ಮೇಲೆ, ಉಳಿದರ್ಧ ಅದರ ನೆರಳಲ್ಲಿ ಮಲಗಬಹುದಿತ್ತು.

ನಮ್ಮ ಕಡೆ ಲಗ್ನದ ಗಾದಿಗೆ ಮನೆಯ ಹೊಲದ ಹತ್ತಿಯನ್ನೇ ತರುತ್ತಾರೆ. ತಂದವರು ಹೋಗುವುದಿಲ್ಲ. ಪಿಂಜಾರ ಎಲ್ಲಿ ಹಳೇ ಹತ್ತಿ ಬೆರೆಸುತ್ತಾನೋ ಎಂದು ಕೊನೆಯ ಹೊಲಿಗೆ ಬೀಳುವವರೆಗೆ ಎದುರಿಗೆ ಕೂತು ಕಾಯುತ್ತಾರೆ. ಕೆಂಚವ್ವ ಮುಂಜಾನೆಯ ರೈಲಿಗೆ ಗುಡಗೇರಿಯಿಂದ ಬಂದಿಳಿದು, ಅಂಗಡಿಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ಎಪ್ಪತ್ತರ ಮುದುಕಿ, ಕಣ್ಣು ಹದ್ದಿನವು, ಮೂಗು ಅದಕ್ಕಿಂತ ಚುರುಕು.

"ಆಯಿ, ನಿಮ್ಮ ಹತ್ತಿ ನಾವೇನ್ ತಿನ್ನಂಗಿಲ್ರಿ," ಎಂದಳು ತಬಸುಮ್.

"ತಿನ್ನಂಗಿಲ್ಲ ಖರೆ. ನನ್ನ ಲಗ್ನದ ಗಾದ್ಯಾಗ ನಿಮ್ಮಪ್ಪ ಹಳೇ ಹತ್ತಿ ತುಂಬಿದ್ದ."

"ಯಕ್ಕಾ, ನಿಮ್ಮ ಲಗ್ನದಾಗ ನಾ ಹುಟ್ಟಿದ್ದಿಲ್ರಿ!" ಎಂದ ಬಾಬಾಸಾಬ ಕಟ್ಟೆಯಿಂದ.

"ನಿಮ್ಮಪ್ಪ ಹುಟ್ಟಿದ್ದನಿಲ್ಲೋ? ಕೈ ಒಂದ ಅಲ್ಲೇನ ನಿಮ್ದು?"

ಹಿಂಜುವ ಮಷಿನ್ನು ಶುರುವಾಯಿತು. ಬೀಜದ ಚೂರು ಸಿಕ್ಕಿ ಎರಡು ಸಲ ನಿಂತಿತು. ಬಾಬಾಸಾಬ ಬೈಯುತ್ತ ಎದ್ದು ಹೋಗಿ ಹಲ್ಲುಗಳಿಂದ ಹತ್ತಿ ಬಿಡಿಸಿ ಮತ್ತೆ ಓಡಿಸಿದ. ಕೆಂಚವ್ವ ಮಾತ್ರ ಒಂದೊಂದು ಹಿಡಿ ಹತ್ತಿಯನ್ನೂ ಮೂಗಿಗೆ ಹಿಡಿದು ಮೂಸಿ ನೋಡಿಯೇ ಒಳಗೆ ತುಂಬಲು ಬಿಟ್ಟಳು. ಗಲೀಫಿಗೆ, ಅಂದರೆ ಗಾದಿಯ ಚೀಲಕ್ಕೆ, ಹತ್ತಿ ತುಂಬಿ, ಬಾಯಿ ಹೊಲಿದು, ಕೋಲಿನಿಂದ ಬಡಿದು ಸಮ ಮಾಡಿ, ತಬಸುಮ್ ಗಾದಿಯ ಮೇಲೆ ಕೂತು ದಬ್ಬಣ ಹಿಡಿದಳು. ಆಮೇಲೆ ನೋಡಬೇಕಿತ್ತು ಆ ಕೈ! ಹೊಲಿಗೆಯ ಸಾಲು ಹರಗಿದ ಹೊಲದ ಸಾಲಿನಂತೆ ನೆಟ್ಟಗೆ ಹೋಗುತ್ತಿತ್ತು. ಅಂಗಡಿಯ ಮುಂದೆ ಹೋಗುತ್ತಿದ್ದ ಎತ್ತೊಂದು ನಿಂತು ನೋಡಿ ನಾಚಿಕೊಂಡಿತು.

ಮೂರು ಸಾಲು ಮುಗಿದಿರಬೇಕು. ದಾರ ತರಲೆಂದು ತಬಸುಮ್ ಎದ್ದಳು. ಅರ್ಧ ಎದ್ದವಳು ಹಿಂದಕ್ಕೆ ಜಗ್ಗಿದಂತಾಗಿ ಧೊಪ್ಪೆಂದು ಕೂತಳು. ಮತ್ತೆ ಎದ್ದಳು, ಮತ್ತೆ ಕೂತಳು.

"ಏನಾತ?" ಎಂದ ಬಾಬಾಸಾಬ.

ಜಂಪರಿನ ಜೇಬಿನಲ್ಲಿ ಪಂಪು ಇತ್ತು. ಅದರ ನಳಿಗೆಯ ಒಂದು ಸುತ್ತು ಬಾಜುವಿನಿಂದ ಹೊರಗೆ ಜೋತುಬಿದ್ದು ಗಾದಿಯ ಮೇಲೆ ಮಲಗಿತ್ತು. ಬಿಳಿ ಬಟ್ಟೆಯ ಮೇಲೆ ಗಾಜಿನಂಥ ನಳಿಗೆ; ಯಾರ ಕಣ್ಣಿಗೆ ಬೀಳಬೇಕು? ತಬಸುಮ್ ತನ್ನ ನಳಿಗೆಯನ್ನು ತಾನೇ ಗಾದಿಗೆ ಸೇರಿಸಿ ಹೊಲಿದುಬಿಟ್ಟಿದ್ದಳು.

ಕೆಂಚವ್ವ ತೊಡೆ ತಟ್ಟಿ ನಕ್ಕಳು. "ನಮ್ಮ ಗಾದಿ ನಿನ್ನ ಬಿಡವಲ್ದಲ್ಲ ತಂಗಿ! ನಿನ್ನೂ ಕೂಡೆ ಗುಡಗೇರಿಗೆ ಕಳಸ್ತಾರೇನು?"

ತಬಸುಮಳೂ ನಕ್ಕಳು. ಹೊಲಿಗೆ ಕತ್ತರಿಸಿ ನಳಿಗೆ ಬಿಡಿಸಿದಳು. ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿದಳು. ಎಲ್ಲೂ ಸೀಳಿಲ್ಲ, ಗುಳ್ಳೆಯಿಲ್ಲ. ಪಂಪಿನ ಮುಖ ನೋಡಿದಳು. ಎಲ್ಲ ಸರಿ ಇದೆ ಎಂದಿತು. ನಳಿಗೆಯನ್ನು ಒಳಗೆ ಸಿಕ್ಕಿಸಿಕೊಂಡು ಹೊಲಿಗೆಗೆ ಕೂತಳು. ಹೊಟ್ಟೆಯ ಮೇಲಿನ ಪಟ್ಟಿಯನ್ನು ನೋಡಲಿಲ್ಲ.

ಅಷ್ಟು ಹೊತ್ತಿಗೆ ಕೆಂಚವ್ವ ಗಂಟು ಬಿಚ್ಚಿ ಶೇಂಗಾ ಹೋಳಿಗೆ ತೆಗೆದಳು. "ಲಗ್ನದ ಗಾದಿ ಹೊಲಿಯಾಕಿ ಬಾಯಿ ಸಪ್ಪಗಿರಬಾರ್ದು. ತಗೋ."

"ನನಗ ಸಕ್ಕರಿ ಐತ್ರಿ ಆಯಿ."

"ನನಗೂ ಐತಿ. ನಾ ಒಂದ ಗುಳಿಗಿ ನುಂಗಿ ಎರಡ ಹೋಳಿಗಿ ತಿಂತೇನಿ. ನಾನೇನ್ ಹೊಟ್ಟಿಗೆ ವಾಯರ್ ಹಾಕ್ಕೊಂಡೇನೇನು?"

ತಬಸುಮ್ ಹೋಳಿಗೆಯನ್ನು ಅಂಗೈಯಲ್ಲಿ ತೂಗಿ, ಅದಕ್ಕೆ ತಕ್ಕ ಔಷಧಕ್ಕೆ ಗುಂಡಿ ಒತ್ತಿ, ನಿಧಾನಕ್ಕೆ ತಿಂದಳು. ಪಂಪು ಗುಂಯ್ ಎಂದು, ಔಷಧ ಬಿಟ್ಟೆನೆಂದಿತು.

ಮಧ್ಯಾಹ್ನದ ಹೊತ್ತಿಗೆ ಬಾಯಿ ಒಣಗತೊಡಗಿತು. ತಂಬಿಗೆ ನೀರು ಕುಡಿದಳು, ಇನ್ನೊಂದು ಕುಡಿದಳು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಇನ್ನೂರೆಂಬತ್ತು. ಮತ್ತೆ ಗುಂಡಿ ಒತ್ತಿ ಇಳಿಸುವ ಔಷಧ ಕೊಟ್ಟು, ಊಟ ಮಾಡದೆ ಹೊಲಿಯುತ್ತ ಹೋದಳು. ಇಳಿಯಬೇಕಾದ ಹೊತ್ತಿಗೆ ಮತ್ತೆ ನೋಡಿದಳು. ಮುನ್ನೂರ ನಲವತ್ತು.

ಸೂಜಿಯ ವೇಗ ಕಡಿಮೆಯಾದದ್ದು ಕಟ್ಟೆಯ ಮೇಲಿದ್ದ ಬಾಬಾಸಾಬನ ಕಣ್ಣಿಗೆ ಬಿತ್ತು. "ಎಷ್ಟೈತಿ?"

ತಬಸುಮ್ ಹೇಳಿದಳು. ಬಾಬಾಸಾಬನ ಮುಖ ಇಳಿಯಿತು. ಕೆಂಚವ್ವ ಎದೆ ಹಿಡಿದುಕೊಂಡಳು. "ಯವ್ವಾ ಶಿವನ, ನನ್ನ ಹೋಳಿಗಿನ ಮಾಡಿತು! ನಾನ ತಿನಸಿದ್ನಿ!"

"ಹೋಳಿಗಿದಲ್ರಿ ಆಯಿ. ಹೋಳಿಗಿಗೆ ಔಷಧ ಕೊಟ್ಟೇನಿ. ಇಳಸಾಕೂ ಕೊಟ್ಟೇನಿ. ಎರಡೂ ಕೊಟ್ರೂ ಏರತೈತಿ ಅಂದ್ರ..." ಆಕೆ ಪಂಪನ್ನು ಕೈಯಲ್ಲಿ ತಿರುವಿದಳು. "ಇದು ಬಿಟ್ಟೇನಿ ಅಂತೈತಿ. ಎಲ್ಲಿ ಬಿಟ್ಟೈತಿ?"

"ನಾ ಹೇಳಿದ್ನಿಲ್ಲ?" ಎಂದ ಬಾಬಾಸಾಬ. ಅವನ ದನಿಯಲ್ಲಿ ಗೆದ್ದವನ ಖುಷಿ ಇರಲಿಲ್ಲ. ಜೇಬಿನಿಂದ ಫೋನು ತೆಗೆದು ಇಸ್ರಾರನಿಗೆ ಬಾ ಎಂದ.

ಇಂಥ ಹೊತ್ತಿನಲ್ಲಿಯೂ ತನ್ನ ಹತ್ತಿಯನ್ನು ಮರೆಯದವಳು ಲೋಕದಲ್ಲಿ ಒಬ್ಬಳೇ ಇದ್ದಳು. ಹುಡುಗಿಯ ಬೆನ್ನು ಸವರಲೆಂದು ಕೆಂಚವ್ವ ಸರಿದು ಹತ್ತಿರ ಬಂದಳು. ಬಂದವಳ ಮೂಗು ಅರಳಿತು. ಒಮ್ಮೆ ಮೂಸಿದಳು, ಎರಡು ಸಲ ಮೂಸಿದಳು, ಆಮೇಲೆ ಗುಡಗೇರಿಗೆ ಕೇಳುವಂತೆ ಕೂಗಿದಳು.

"ಬಾಬಾಸಾಬಾ! ಇದು ನಮ್ಮ ಹತ್ತಿ ಅಲ್ಲೋ! ದವಾಖಾನಿ ವಾಸ್ನಿ ಹೊಡ್ಯಾಕತ್ತೈತಿ! ಹುಣ್ಣ ಒರಸಿದ ಹತ್ತಿ ತುಂಬೀರಿ ನನ್ನ ಮೊಮ್ಮಗಳ ಗಾದ್ಯಾಗ!"

ಬಾಬಾಸಾಬ ಮೊಣಕಾಲನ್ನು ಮರೆತು ಕಟ್ಟೆಯಿಂದ ಹಾರಿದ. ಮೂರು ತಲೆಮಾರಿನ ಮರ್ಯಾದೆಯ ಪ್ರಶ್ನೆ ಅದು. "ಯಕ್ಕಾ, ನಾಲಿಗಿ ಬಿಗಿ ಹಿಡೀರಿ! ನೀವ ಮೂಸಿ ನೋಡಿ ತುಂಬಸೀರಿ. ಗಾದಿ ಹರದ ತೋರಸ್ತೇನಿ, ಕತ್ರಿ ಕೊಡಲೇ ತಬ್ಸೂ!"

"ಹರಿ! ನೋಡೇಬಿಡೂಣು!"

"ತಡಿಯಪ್ಪಾ!" ತಬಸುಮ್ ಕತ್ತರಿಯನ್ನು ತೊಡೆಯ ಕೆಳಗೆ ಹಾಕಿ ಕೂತಳು. "ಆಯಿ, ಇನ್ನೊಮ್ಮೆ ಮೂಸರಿ. ಗಾದಿ ಮೂಸರಿ ಮೊದಲ."

ಕೆಂಚವ್ವ ಬಗ್ಗಿ ಗಾದಿಯನ್ನು ಉದ್ದಕ್ಕೂ ಮೂಸಿದಳು. ಅದರಲ್ಲಿ ಆಕೆಯ ಹೊಲದ ವಾಸನೆಯೇ ಇತ್ತು. ಮೂಗನ್ನು ನಿಧಾನವಾಗಿ ತಿರುಗಿಸುತ್ತ ಬಂದು ತಬಸುಮಳ ಜಂಪರಿನ ಬಾಜು ನಿಂತಳು. "ಇಲ್ಲಿ. ನಿನ್ನಿಂದನ ಬರತೈತಿ."

ತಬಸುಮ್ ಜಂಪರಿನ ಮೇಲೆ ಕೈಯಿಟ್ಟಳು. ಒದ್ದೆಯಾಗಿತ್ತು. ಬೆವರೆಂದು ಬೆಳಿಗ್ಗೆಯಿಂದ ಲೆಕ್ಕಕ್ಕೆ ಇಟ್ಟಿರಲಿಲ್ಲ. ಬೆರಳು ಮೂಸಿದಳು, ಇನ್ಸುಲಿನ್ನಿನ ಘಾಟು ವಾಸನೆ. ಎದ್ದವಳೇ ಪರದೆಯ ಹಿಂದೆ ಹೋದಳು. ಒಳಗಿನಿಂದ ಆಕೆಯ ನಗು ಕೇಳಿ ಬಾಬಾಸಾಬನಿಗೆ ಇನ್ನೂ ಹೆದರಿಕೆಯಾಯಿತು.

"ಅಪ್ಪಾ, ಗೊತ್ತಾತು! ಗಾದಿ ಜಗ್ಗಿದಾಗ ಪಟ್ಟಿ ಕೆಳಗಿನ ಕೊಳವಿ ಹೊರಗ ಬಂದೈತಿ. ಮ್ಯಾಲ ಪಟ್ಟಿ ಹಂಗ ಐತಿ. ಔಷಧ ಮೈಯಾಗ ಹೋಗಿಲ್ಲ, ಅಂಗಿ ಕುಡದೈತಿ!"

"ಮತ್ತ ಆ ಸುಡಗಾಡ ಮಷಿನ್ ಯಾಕ ಒದರಲಿಲ್ಲ? ದಿನಾ ಒದರತೈತಲ್ಲ!"

"ಪೈಪ್ ಕಟ್ಟಿದ್ರ ಒದರತೈತಿ. ಪೈಪ್ ಬಿಚ್ಚಿ ನೀರ ಬದುವಿಗೆ ಹರದ್ರ ಮೋಟರಿಗೆ ಹೆಂಗ ಗೊತ್ತಾಗಬೇಕು? ಅದು ಆರಾಮ ಓಡತಿರತೈತಿ."

"ಖರೆ ಐತಿ," ಎಂದಳು ಕೆಂಚವ್ವ. "ನಮ್ಮ ಹೊಲದಾಗ ಒಂದ ಇಡೀ ದಿನ ಬಾಜು ಹೊಲದವನ ಮೆಣಸಿನಗಿಡಕ್ಕ ನೀರ ಉಣಿಸಿದ್ವಿ. ಅವ ಒಂದ ಮಾತ ಹೇಳಲಿಲ್ಲ, ಭಾಡ್ಯಾ."

ಮುಂದಿನದನ್ನು ತಬಸುಮ್ ಗಡಿಬಿಡಿಯಿಲ್ಲದೆ ಮಾಡಿದಳು. ಅನ್ನಪೂರ್ಣಾ ಸಿಸ್ಟರಿಗೆ ಫೋನು ಹಚ್ಚಿದಳು. ಬೆಳಿಗ್ಗೆಯಿಂದ ಒತ್ತಿದ ಔಷಧದಲ್ಲಿ ಒಳಗೆ ಎಷ್ಟು ಹೋಗಿದೆಯೋ ಗೊತ್ತಿಲ್ಲ. ಹಾಗಿರುವಾಗ ಈಗ ಎಷ್ಟು ಕೊಡಲಿ ಎಂದು ಕೇಳಿದಳು. ಸಿಸ್ಟರು ಹೇಳಿದಷ್ಟನ್ನು ಪಂಪಿನಿಂದಲ್ಲ, ಇಂಥ ಹೊತ್ತಿಗೆಂದೇ ಇಟ್ಟುಕೊಂಡ ಪೆನ್ನಿನಂಥ ಸೂಜಿಯಿಂದ ನೇರವಾಗಿ ಚುಚ್ಚಿಕೊಂಡಳು. ಗಡಿಗೆಯಿಂದ ತಂಪು ಔಷಧ ತೆಗೆದು, ಗುಳ್ಳೆ ತಟ್ಟಿ, ಹೊಸ ನಳಿಗೆ ಜೋಡಿಸಿ, ಹೊಟ್ಟೆಯ ಇನ್ನೊಂದು ಬಾಜು ಹೊಸ ಪಟ್ಟಿ ಹಚ್ಚಿದಳು. ಮೂತ್ರದಲ್ಲಿ ಕೀಟೋನು ಎಂಬ ವಿಷ ಸೇರಿದೆಯೋ ಎಂದು ಕಾಗದದ ಪಟ್ಟಿಯಿಂದ ನೋಡಿದಳು. ಬಣ್ಣ ತುಸುವೇ ತಿರುಗಿತ್ತು. ಹೆಚ್ಚಾದರೆ, ವಾಂತಿಯಾದರೆ ಕೂಡಲೇ ದವಾಖಾನೆಗೆ ಬರಬೇಕು, ಇಲ್ಲವಾದರೆ ಸಕ್ಕರೆ ಇಳಿಯುವವರೆಗೆ ನೀರು ಕುಡಿದು ಕೂರು ಎಂದರು ಸಿಸ್ಟರು. ತಬಸುಮ್ ತಂಬಿಗೆ ಹಿಡಿದು ಗೋಡೆಗೆ ಒರಗಿ ಕೂತಳು.

ಇಸ್ರಾರ್ ಬಂದಾಗ ಆಕೆ ಕೂತೇ ಇದ್ದಳು. ಗಾದಿ ಅರ್ಧ ಹೊಲಿದು ಬಿದ್ದಿತ್ತು. ಬಿಸಿಲು ಆಗಲೇ ಕಟ್ಟೆಯಿಂದ ಕೆಳಗಿಳಿದಿತ್ತು.

"ಕೆಲಸ ನಿಂತಿತು," ಎಂದ ಬಾಬಾಸಾಬ. "ಮಾತಂದ್ರ ಮಾತು ತಬ್ಸೂ. ನಿಂತ್ರ ಇಸ್ರಾರಂದು ಅಂದಿದ್ದೆ."

ತಬಸುಮ್ ತಂಬಿಗೆ ಕೆಳಗಿಟ್ಟಳು. "ಅಪ್ಪಾ, ಇವತ್ತ ಮುಂಜಾನೆ ನಿನ್ನ ಹಿಂಜೂ ಮಷಿನ್ ಎಷ್ಟ ಸಲ ನಿಂತಿತು?"

"ಅದು ಬ್ಯಾರೆ."

"ಏನ್ ಬ್ಯಾರೆ? ನಿಂತಿತು, ನೀ ಬೈಕೋತ ಎದ್ದಿ, ಹಲ್ಲಾಗಿನ ಹತ್ತಿ ತಗದಿ, ಮತ್ತ ಓಡಿಸಿದಿ. ಅಂಗಡಿ ಮುಚ್ಚಿದೇನು? ಇಸ್ರಾರಗ ಫೋನ್ ಮಾಡಿದೇನು? ನಂದೂ ನಿಂತಿತು. ಎಲ್ಲಿ ಕೆಟ್ಟೈತಿ ಹುಡಕಿದ್ನಿ, ತಗದ ಹೊಸಾದ ಹಾಕಿದ್ನಿ. ಈಗ ಓಡಾಕತ್ತೈತಿ. ಸಕ್ಕರಿ ಇಳಿಯೂತನ ಕುಂತೇನಿ, ಅಷ್ಟ. ಮಷಿನ್ ಕೆಡಲಾರದ ಅಂಗಡಿ ಯಾವ್ದೈತಿ ಹೇಳು, ಅಲ್ಲಿ ಹೋಗಿ ಗಾದಿ ಹೊಲಿಸೂಣು."

ಬಾಬಾಸಾಬ ಬಾಯಿ ತೆರೆದ. ಬಾಯೊಳಗೆ ಹತ್ತಿ ಹೋಯಿತು, ಕೆಮ್ಮಿದ.

"ದೀಪಾ ಹಚ್ಚೂತನ ಟೈಮ್ ಐತಿ," ಎಂದಳು ಪರದೆಯ ಆಚೆಯಿಂದ ಶಮೀಮಾಬಿ. ಬೆಳಿಗ್ಗೆಯಿಂದ ಆಕೆ ಆಡಿದ ಮೊದಲ ಮಾತು ಅದು, ಅದಕ್ಕೆ ಅಪೀಲಿರಲಿಲ್ಲ.

ಕಾದರು. ಅಂಗಡಿ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಹತ್ತಿಯ ಎಳೆ ನೆಲಕ್ಕೆ ಬಿದ್ದ ಸಪ್ಪಳಕ್ಕೆ ಇಸ್ರಾರ್ ಬೆಚ್ಚಿದ. ಸ್ವಲ್ಪ ಹೊತ್ತಿಗೆ ತಬಸುಮ್ ಬೆರಳು ಚುಚ್ಚಿಕೊಂಡಳು. ಮುನ್ನೂರರ ಕೆಳಗೆ ಬಂದಿತ್ತು. ಕಾಗದದ ಪಟ್ಟಿ ಬಣ್ಣ ತಿರುಗಲಿಲ್ಲ. ಮತ್ತೆ ನೋಡಿದಾಗ ಇನ್ನೂರ ಹತ್ತು. ಸಕ್ಕರೆ ಇಳಿಯಿತು, ಬಾಯಿಗೆ ತೇವ ಬಂತು, ಕಣ್ಣಿಗೆ ಸೂಜಿಯ ಕಿವಿ ಕಾಣತೊಡಗಿತು. ಈ ಸಲ ನಳಿಗೆಯನ್ನು ಒಳಗಂಗಿಗೆ ಪಿನ್ನು ಹಾಕಿ ಸಿಕ್ಕಿಸಿ, ದುಪಟ್ಟಾದಿಂದ ಸೊಂಟ ಬಿಗಿದು, ಗಾದಿ ಹತ್ತಿದಳು.

ಮುಂದೆ ನಡೆದದ್ದಕ್ಕೆ ನಾನು ಸಾಕ್ಷಿ, ಉಪ್ಪುಖಾರ ಏನೂ ಹಚ್ಚುವುದಿಲ್ಲ. ದಬ್ಬಣ ಕಾಣುತ್ತಿರಲಿಲ್ಲ, ಅದರ ಗಾಳಿ ಮಾತ್ರ ಮುಖಕ್ಕೆ ಬಡಿಯುತ್ತಿತ್ತು. ದಾರದ ಉಂಡೆ ನೆಲದ ಮೇಲೆ ಬುಗುರಿಯಂತೆ ತಿರುಗಿ ಹೊಗೆ ಎಬ್ಬಿಸಿತು. ಒಂದು ಸಾಲು ಈ ಕಡೆಯಿಂದ ಹೋದರೆ ಮುಂದಿನ ಸಾಲು ಆ ಕಡೆಯಿಂದ ಬಂದು ಅದಕ್ಕೆ ನಮಸ್ಕಾರ ಹೇಳುತ್ತಿತ್ತು. ಕೆಂಚವ್ವ ಮೂಸುವುದನ್ನು ಬಿಟ್ಟು "ಹೊಡಿ ತಂಗಿ, ಹೊಡಿ!" ಎಂದು ಚಪ್ಪಾಳೆ ತಟ್ಟತೊಡಗಿದಳು. ಟೆಂಪೋದವನು ಬಂದು ಹಾರ್ನು ಹೊಡೆದು, ಒಳಗೆ ಇಣುಕಿ, ಹಾರ್ನು ಮರೆತು ನಿಂತ. ಓಣಿಯ ಮಂದಿಯೆಲ್ಲ ಬಾಗಿಲಿಗೆ ಮುಗಿಬಿದ್ದರು, ಎಚ್.ಪಿ. ಕೇಳಿದ್ದ ಕಾಕಾನಂತೂ ಎದುರು ಮನೆಯ ಕಿಟಕಿ ಏರಿ ಕೂತಿದ್ದ.

ಬಿಸಿಲು ಹೋಯಿತು. ಒಳಗೆ ಮಬ್ಬಾಯಿತು. ಶಮೀಮಾಬಿ ದೀಪದ ಗುಂಡಿಯ ಮೇಲೆ ಬೆರಳಿಟ್ಟು ನಿಂತಿದ್ದಳು. ಒತ್ತಿದರೆ ದೀಪ, ದೀಪವಾದರೆ ದಬ್ಬಣ ಬಂದ್. ಮಸೀದಿಯ ಮೈಕಿನಲ್ಲಿ ಬಾಂಗು ಕೊಡುವವರು ಗಂಟಲು ಸರಿ ಮಾಡಿಕೊಂಡ ಸಪ್ಪಳ ಕೇಳಿಸಿತು. ಇನ್ನೊಂದೇ ಮೂಲೆ ಉಳಿದಿತ್ತು. ತಬಸುಮ್ ದಬ್ಬಣ ಇಳಿಸಿದಳು, ಎಳೆದಳು, ಗಂಟು ಹಾಕಿದಳು, ದಾರವನ್ನು ಹಲ್ಲಿನಿಂದ ಕಡಿದಳು.

"ಹಚ್ಚವಾ ಇನ್ನ," ಎಂದಳು.

ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹತ್ತಿತು. ಅದರ ಬೆಳಕಿನಲ್ಲಿ ಗಾದಿ ಹುಣ್ಣಿಮೆಯ ಹೊಲದಂತೆ ಹರಡಿಕೊಂಡಿತ್ತು. ಬಾಗಿಲಲ್ಲಿದ್ದವರು ಹಾಕಿದ ಕೇಕೆಗೆ ಅಂಗಡಿಯ ತಗಡು ಒಂದು ಗೇಣು ಮೇಲೆದ್ದು ಕೂತಿತು. ತಬಸುಮ್ ಬೆರಳು ಚುಚ್ಚಿ ನೋಡಿ ಸಕ್ಕರೆ ಅಳೆಯುವ ಯಂತ್ರದ ಮುಖವನ್ನು ಜನರ ಕಡೆ ತಿರುಗಿಸಿದಳು: ನೂರಾ ನಲವತ್ತು. ಅರ್ಧಕ್ಕರ್ಧ ಮಂದಿಗೆ ಅದೇನೆಂದು ಗೊತ್ತಿರಲಿಲ್ಲ. ಆದರೂ ಇನ್ನೊಮ್ಮೆ ಕೇಕೆ ಹಾಕಿದರು.

ಕೆಂಚವ್ವ ಪರೀಕ್ಷೆ ಮಾಡದೆ ಒಯ್ಯುವವಳಲ್ಲ. ಗಾದಿಯ ಮೇಲೆ ಕೂತು ನೋಡಿದಳು, ಗುದ್ದಿ ನೋಡಿದಳು, ಕಡೆಗೆ ಕಾಲು ಚಾಚಿ ಮಲಗಿ ನೋಡಿದಳು. ಮಲಗಿದವಳು ಏಳಲಿಲ್ಲ.

"ಯಕ್ಕಾ, ಟೆಂಪೋ ನಿಂತೈತ್ರಿ," ಎಂದ ಬಾಬಾಸಾಬ.

"ನಿಂದ್ರಲಿ. ನಾ ಏಳಂಗಿಲ್ಲ. ಎತ್ರಿ ಹಿಂಗ."

ಹಾಗೆಯೇ ಎತ್ತಿದರು. ಎಂಟು ಜನ ಹೆಗಲು ಕೊಟ್ಟು ಕೆಂಚವ್ವನನ್ನು ಗಾದಿ ಸಮೇತ ಟೆಂಪೋಗೆ ಏರಿಸಿದರು. ಲೋಡಿಗೆ ಮೊಣಕೈ ಊರಿ, ಮಹಾರಾಣಿಯಂತೆ ಒರಗಿ, ಗುಡಗೇರಿಯ ರಸ್ತೆಗುಂಟ ಆಕೆ ಹೋದ ಮೆರವಣಿಗೆಯನ್ನು ನೋಡಿದವರು ಇಂದಿಗೂ ಮದುಮಗಳ ಮೆರವಣಿಗೆಯನ್ನು ಲೆಕ್ಕಕ್ಕೆ ಇಡುವುದಿಲ್ಲ. ಟೆಂಪೋ ಹೊರಡುವಾಗ ಆಕೆ ಕೂಗಿ ಹೇಳಿದ್ದು ಇಷ್ಟೇ: "ಬಾಬಾಸಾಬಾ, ಇನ್ನೊಬ್ಬಾಕಿ ಮೊಮ್ಮಗಳದಾಳ! ಆಕಿ ಗಾದಿನೂ ಈಕಿನ ಹೊಲೀಬೇಕು, ನಿನ್ನ ಕೈ ಹಚ್ಚಬ್ಯಾಡ!"

ಜನ ಚದುರಿದರು. ಇಸ್ರಾರ್ ನಾಲ್ಕು ಸಲ ಸೀನಿ, ಅತ್ತಿತ್ತ ನೋಡಿ ಕೇಳಿದ. "ಕಾಕಾ, ನನ್ನ ಎರಡ ಫೋಮ್ ಹಾಸಿಗಿ ಇಲ್ಲಿ ಮಾರಾಕ ಇಡಲೇನು? ಬಾಗಲ ಬಾಜು?"

"ನನ್ನ ಯಾಕ ಕೇಳ್ತಿ?" ಎಂದ ಬಾಬಾಸಾಬ. "ಅಂಗಡಿ ಯಾರದೈತಿ ಅವರನ್ನ ಕೇಳು."

ಇಸ್ರಾರ್ ತಬಸುಮಳ ಕಡೆ ತಿರುಗಿದ. ಆಕೆ ರೊಟ್ಟಿ ಮುರಿಯುತ್ತಿದ್ದಳು; ಆ ಮೊದಲು ಗುಂಡಿ ಒತ್ತಿ, ಹೊಸ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ಒಣಗಿದೆಯೋ ಇಲ್ಲವೋ ಎಂದು ನೋಡಿಕೊಂಡಿದ್ದಳು.

"ಹೊರಗ ಕಟ್ಟಿ ಮ್ಯಾಲ ಇಡು," ಎಂದಳು. "ಗಿರಾಕಿ ಮೊದಲ ಅದರ ಮ್ಯಾಲ ಕುಂತ ನೋಡ್ಲಿ. ಆಮ್ಯಾಲ ತಾವ ಒಳಗ ಬರ್ತಾರ."

ಬಾಬಾಸಾಬ ಮೊಣಕಾಲು ಹಿಡಿದು ಎದ್ದು, ಟೊಪ್ಪಿಗೆ ಝಾಡಿಸಿ ತಲೆಗೆ ಹಾಕಿಕೊಂಡ. ಹೊಸ್ತಿಲಲ್ಲಿ ನಿಂತು ಹಿಂದಕ್ಕೆ ತಿರುಗಿದ.

"ಮಾಲಕ್ರ, ನಮಾಜಿಗೆ ಹೋಗಿ ಬರ್ಲೇನ್ರಿ?"

"ಹೋಗಿ ಬರ್ರಿ," ಎಂದಳು ತಬಸುಮ್, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು. "ಬರೂಮುಂದ ದಾರದ ಉಂಡಿ ತರ್ರಿ, ಮುಗದೈತಿ. ನಾಳೆ ಮುಂಜಾನೆ ಹಿರೇನರ್ತಿ ಊರಿನವರು ಹತ್ತಿ ತಗೊಂಡ ಬರ್ತಾರ, ತಡಾ ಮಾಡಬ್ಯಾಡ್ರಿ."